ನಯಾಜ್, ಆ ಸರದಿ ನಿನ್ನದಾಗಿತ್ತು

ನನ್ನ ಅಮ್ಮನಿಗೆ ಪಾರ್ಶ್ವವಾಯು ಬಡಿದಿರಲೇ ಇಲ್ಲ, ನಯಾಜ್. ನಾವಿಬ್ಬರೂ ವಾಯುಪಡೆಯಲ್ಲಿದ್ದಾಗ, ಕೆಲಸ ಬಿಡಲು ಅನುಮತಿ ಸಿಗಲೆಂದು ನಾನು ಹೇಳಿದ ಸುಳ್ಳು ಅದು. ಅದನ್ನು ನಂಬಿ ನೀನು ನಿನ್ನ ಸರದಿಯನ್ನು ನನಗೆ ಬಿಟ್ಟುಕೊಟ್ಟೆ. ಇಷ್ಟನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು — ನನಗೂ ಸರಿಯಾಗಿ ಗೊತ್ತಿಲ್ಲ.

ನಾನು ಕೈಲಾಂಚದ ಹಿಪ್ಪುನೇರಳೆ ತೋಟದವನು, ನೀನು ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆಯವನು. ನಾವು ಬೆಳೆದ ಗೂಡನ್ನು ನಿಮ್ಮಪ್ಪ ಎಷ್ಟು ಸಲ ಕೊಂಡಿದ್ದರೋ. ಅದೆಲ್ಲ ನಮಗೆ ತಿಳಿದದ್ದು ಈಶಾನ್ಯದ ಆ ವಾಯುನೆಲೆಯಲ್ಲಿ, ಒಂದೇ ಸರಕು ವಿಮಾನವನ್ನು ಇಬ್ಬರೂ ಹಾರಿಸತೊಡಗಿದ ಮೇಲೆ. ಅಷ್ಟು ದೂರದಲ್ಲಿ ನಮ್ಮ ಕಡೆಯ ಕನ್ನಡ ಕೇಳಿಸಿದ ದಿನ ನಾನೆಷ್ಟು ಹಿಗ್ಗಿದ್ದೆ, ನಿನಗೆ ನೆನಪಿರಬಹುದು.

ಬೇಯುವ ಗೂಡಿನ ಹಬೆಯನ್ನು ಬದುಕಿಡೀ ಉಸಿರಾಡಿದ್ದ ನಿಮ್ಮಪ್ಪನ ಎದೆ ಆಗಲೇ ಕೈಕೊಟ್ಟಿತ್ತು. ಅವರ ಹತ್ತಿರ ಇರಬೇಕೆಂದು ನೀನು ಬೆಂಗಳೂರಿನಿಂದ ಹಾರುವ ವಿಮಾನ ಕಂಪನಿಯ ಕೆಲಸ ನೋಡಿಕೊಂಡಿದ್ದೆ. ನಾನೂ ನೋಡಿಕೊಂಡಿದ್ದೆ, ಬೇರೆ ಕಂಪನಿಯಲ್ಲಿ. ನನಗೆ ಅಂಥ ಕಾರಣವೇನೂ ಇರಲಿಲ್ಲ. ಆಸೆ ಇತ್ತು, ಅಷ್ಟೇ. ವಾಯುಪಡೆಗೆ ಕೊಟ್ಟ ಮಾತು ಮುಗಿಯುವ ಮೊದಲೇ, ಇಂಥ ತಿಂಗಳೊಳಗೆ ಬಂದು ಸೇರುತ್ತೇನೆ, ಸೇರಿದ ಮೇಲೆ ಇಷ್ಟು ವರ್ಷ ಬಿಡುವುದಿಲ್ಲ ಎಂದು ಕಂಪನಿಗೂ ಸಹಿ ಹಾಕಿದ್ದೆ. ಎರಡು ಕಡೆಗೂ ಮಾತು ಕೊಟ್ಟವನು ಯಾವುದನ್ನು ಮುರಿಯುತ್ತಾನೆ? ಮೂರನೆಯದನ್ನು — ಬಾಯಿಬಿಟ್ಟು ಹೇಳದೆಯೇ ಗೆಳೆಯನಿಗೆ ಕೊಟ್ಟಿದ್ದ ಮಾತನ್ನು.

ಕಮಾಂಡಿಂಗ್ ಆಫೀಸರ್ ಸ್ಪಷ್ಟವಾಗಿ ಹೇಳಿದ್ದರು — ಪೈಲಟ್‌ಗಳು ಕಡಿಮೆ ಇದ್ದಾರೆ, ಈ ವರ್ಷ ನಮ್ಮಲ್ಲಿಂದ ಒಬ್ಬರನ್ನಷ್ಟೇ ಬಿಡಬಹುದು. ಮೊದಲು ಕೇಳಿದವನು ನೀನು. ಆಗ ನಾನು ಅವರ ಮುಂದೆ ನಿಂತು, ಅಮ್ಮನಿಗೆ ಪಾರ್ಶ್ವವಾಯು ಬಡಿದಿದೆ, ಹಾಸಿಗೆ ಹಿಡಿದಿದ್ದಾಳೆ, ನನ್ನನ್ನು ಬಿಟ್ಟರೆ ನೋಡುವವರಿಲ್ಲ ಎಂದೆ. ಅದಕ್ಕೆ ಬೇಕಾದ ಕಾಗದವನ್ನೂ ಹೇಗೋ ಹೊಂದಿಸಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಅವರು ನಿನ್ನನ್ನು ಕರೆಸಿ ಕೇಳಿದರು. ಅವನ ಕಡೆಯವನೇ ಅಲ್ಲವೇ ನೀನು, ನಿಜವೇ ಎಂದು. ನಾನು ನಿನಗೂ ಅದನ್ನೇ ಹೇಳಿದ್ದೆ; ನೀನು ನಿಜ ಎಂದೆ. ಹೊರಗೆ ಬಂದು ನನ್ನ ಹೆಗಲು ಹಿಡಿದುಕೊಂಡೆ.

"ಮೊದ್ಲು ನೀನ್ ಹೋಗ್ಲಾ ಗೌಡ. ಅಬ್ಬಾನ್ನ ನೋಡ್ಕೊಳಕ್ಕೆ ತಮ್ಮ ಅವ್ನೆ. ನಿಮ್ಮಮ್ಮಂಗೆ ಯಾರವ್ರೆ? ನಾನು ಮುಂದಿನ್ ವರ್ಷ ಕೇಳ್ತೀನಿ."

ಆಗಲೂ ಹೇಳಬಹುದಿತ್ತು. ಬಾಯಿ ತೆರೆದದ್ದೂ ನೆನಪಿದೆ. ಬಂದದ್ದು — "ಥ್ಯಾಂಕ್ಸ್ ಕಣ್ಲಾ."

ಇನ್ನು ನಿನಗೆ ಗೊತ್ತಿಲ್ಲದ್ದು. ಅಥವಾ ಗೊತ್ತಿರುವುದೋ — ಇಲ್ಲೇ ನನ್ನ ತಲೆ ಕೆಡುವುದು.

ನನ್ನ ಬಿಡುಗಡೆಯ ಆದೇಶ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು.

"ನಯಾಜ್ ಅವ್ರಪ್ಪ ಬಂದಿದ್ರು ಕಣ್ ಮಗ. ಬಸ್ ಇಳ್ದು ನಡ್ಕಂಡು ಬಂದವ್ರೆ, ಪಾಪ, ಏದುಸ್ರು ಬತ್ತಿತ್ತು. ಮೂಸಂಬಿ ತಂದಿದ್ರು. ನಾನು ತೋಟದಲ್ಲಿ ಸೊಪ್ಪು ಕುಯ್ತಿದ್ದೆ. ನನ್ನ ನೋಡಿ ಸುಮ್ಕೆ ನಿಂತ್ಕಂಡ್ಬುಟ್ರು. ನಿಮ್ಗೆ ಹುಷಾರಿಲ್ವಂತಲ್ಲಮ್ಮ ಅಂದ್ರು. ನಂಗೇನಾಗೈತೆ ಸಾಬ್ರೆ, ಗುಂಡುಕಲ್ಲಂಗಿವ್ನಿ ಅಂದೆ. ಯಾರ್ ಯೋಳಿದ್ರೋ ಅವ್ರಿಗೆ."

"ಆಮೇಲೆ ಏನಂದ್ರು?"

"ಏನೂ ಇಲ್ಲ. ಕಾಫಿ ಕುಡುದ್ರು. ನಿಮ್ಮಗ ಒಳ್ಳೆ ಪೈಲಟ್ ಅಂತೆ, ನಮ್ ಹುಡ್ಗ ಯೋಳ್ತಿರ್ತಾನೆ ಅಂದ್ರು. ಒಸಿ ಹೊತ್ತು ಕೂತಿದ್ದು ಹೋದ್ರು."

ಅಂದಿನಿಂದ ನಿನ್ನ ಫೋನ್ ರಿಂಗಾದಾಗಲೆಲ್ಲ ನಿಮ್ಮಪ್ಪನೇ ಇರಬೇಕೆಂದು ಕಿವಿಗೊಡುತ್ತಿದ್ದೆ. ಈಗ ಹೇಳುತ್ತಾರೆ, ಇವತ್ತು ಹೇಳುತ್ತಾರೆ. ಒಂದು ಮಾತು ಸಾಕಿತ್ತು ಅವರಿಗೆ — ಮಗ ಮನೆಗೆ ಬಂದುಬಿಡುತ್ತಿದ್ದ. ನೀನು ಮಾತ್ರ ಎಂದಿನಂತೆಯೇ ಇದ್ದೆ. ನನ್ನ ಟ್ರಂಕು ಕಟ್ಟಲು ನೀನೇ ಕೈಹಾಕಿದೆ. ನಾನು ಹೊರಟುಬಂದೆ.

ಅವರು ಯಾಕೆ ಸುಮ್ಮನಿದ್ದರು? ಗೆಳೆಯರ ನಡುವೆ ಹುಳಿ ಹಿಂಡಬಾರದೆಂದೋ? ತನಗಾಗಿ ಮಗ ಕೆಲಸ ಬಿಡುವುದು ಅವರಿಗೇ ಬೇಡವಾಗಿತ್ತೋ? ಅಥವಾ ನಿನಗೆ ಹೇಳಿಯೇ ಇದ್ದರೋ — ನೀನೂ ಅವರಂತೆಯೇ ನುಂಗಿಕೊಂಡೆಯೋ? ಒಂದೊಂದು ದಿನ ಒಂದೊಂದು ನಿಜವೆನಿಸುತ್ತದೆ. ನನ್ನ ತಪ್ಪನ್ನು ಹಗುರ ಮಾಡುವ ಉತ್ತರವನ್ನೇ ನಾನು ಹೆಚ್ಚು ಸಲ ಆರಿಸಿಕೊಂಡಿದ್ದೇನೆ, ಅದೂ ಗೊತ್ತು.

ನೀನು ಮುಂದಿನ ವರ್ಷ ಕೇಳುವ ಮೊದಲೇ, ಮಳೆಗಾಲದಲ್ಲಿ, ನಿಮ್ಮಪ್ಪ ತೀರಿಕೊಂಡರು. ನಿನ್ನ ನೆಲೆಯಲ್ಲಿ ಮೋಡ ನೆಲಕ್ಕಿಳಿದು ಒಂದು ವಿಮಾನವೂ ಏಳಲಿಲ್ಲ. ನೀನು ನನಗೆ ಫೋನ್ ಮಾಡಿದೆ.

"ಗೌಡ, ನಂಗೆ ಬರಕ್ಕಾಗಲ್ಲ. ನೀನಾದ್ರೂ ಹೋಗು. ನನ್ ಬದ್ಲು ಮಣ್ಣ್ ಹಾಕು."

ಹೋದೆ. ನಿನ್ನ ತಮ್ಮ ನನ್ನ ತಲೆಗೆ ಕರವಸ್ತ್ರ ಕಟ್ಟಿ ಮುಂದೆ ಬಿಟ್ಟ. ನಿನ್ನ ಹೆಸರಿನಲ್ಲಿ ಮೂರು ಹಿಡಿ ಮಣ್ಣು ಹಾಕಿದೆ. ಅಲ್ಲಿದ್ದವರೆಲ್ಲ ನನ್ನನ್ನು ಒಳ್ಳೆಯ ಗೆಳೆಯನೆಂದರು. ನಾನು ಯಾರ ಜಾಗದಲ್ಲಿ ನಿಂತಿದ್ದೇನೆಂದು ಆ ಮಣ್ಣಿನೊಳಗೆ ಮಲಗಿದ್ದವರೊಬ್ಬರಿಗೇ ಗೊತ್ತಿತ್ತು.

ಈಗ ನೀನೂ ಅವಧಿ ಮುಗಿಸಿ ನಮ್ಮ ಕಂಪನಿಗೇ ಬಂದಿದ್ದೀಯ. ನಾನು ಮೊದಲೇ ಬಂದವನಾದ್ದರಿಂದ ಕ್ಯಾಪ್ಟನ್, ನೀನು ನನ್ನ ಬಲಗಡೆಯ ಸೀಟಿನಲ್ಲಿ. ಹಾರಿಸುವುದರಲ್ಲಿ ನೀನು ನನಗಿಂತ ಮೇಲು, ಅದು ನಮ್ಮಿಬ್ಬರಿಗೂ ಗೊತ್ತು. ಬೇರೆಯವರ ಮುಂದೆ ನನ್ನನ್ನು ಸರ್ ಎನ್ನುತ್ತೀಯ. ಪ್ರತಿ ಸಲ ಬೆಲ್ಟ್ ಬಿಗಿದುಕೊಳ್ಳುತ್ತ ಕೇಳುತ್ತೀಯ, "ಅಮ್ಮ ಹೆಂಗವ್ರೆ?" ನಾನು "ಪರವಾಗಿಲ್ಲ" ಎನ್ನುತ್ತೇನೆ. ನಿನ್ನ ಮುಖ ನೋಡುತ್ತೇನೆ. ಏನೂ ತಿಳಿಯುವುದಿಲ್ಲ.

ನಿನ್ನೆ ಊರಿಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹುಳದ ತಟ್ಟೆಗೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಆವತ್ತು ಅವ್ರು ನಿಂತ್ಕಂಡಿದ್ದು ಅದ್ಕಾ?" ಎಂದಳು. ಕೈಲಿದ್ದ ಸೊಪ್ಪು ಕೆಳಗಿಟ್ಟು, "ನಾನ್ ಎದ್ದು ಓಡಾಡ್ತಿರೋವಾಗ್ಲೇ ನನ್ನ ಮಲಗಿಸ್ಬುಟ್ಯಾ ಮಗ?"

ಬೈಯಲಿಲ್ಲ. ನಾನು ಬಡಿಸಿದ್ದನ್ನು ಊಟ ಮಾಡಲಿಲ್ಲ. ಇವತ್ತು ಬೆಳಿಗ್ಗೆ ತಾನೇ ಹೇಳಿದಳು, "ನಯಾಜ್ ಅವ್ರಮ್ಮನ ಮನೇಗೆ ನಡಿ. ನಾನೂ ಬತ್ತೀನಿ."

ಶುಕ್ರವಾರ ನಿನಗೆ ರಜೆ ಇದೆ. ಬರುತ್ತೇವೆ. ವಿಮಾನದಲ್ಲಿ ಹೇಳುವುದಿಲ್ಲ — ಅಲ್ಲಿ ನೀನು ನನ್ನ ಪಕ್ಕದಿಂದ ಎದ್ದು ಹೋಗುವಂತಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮಮ್ಮನ ಎದುರಿಗೆ ಹೇಳುತ್ತೇನೆ. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುವುದಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಕ್ಷಮಿಸು ಎಂದೂ ಕೇಳಲಾರೆ. ಹೇಳಿ ಮುಗಿಸಿ ಅಲ್ಲೇ ಕೂತಿರುತ್ತೇನೆ, ನೀನು ಹೋಗು ಎನ್ನುವವರೆಗೆ.