ಎರಡೆಳೆಯ ಜಡೆ ಹೊಸೆದ ಮೇಡಂ

ತಾಂಡೂರಿನ ಬಳೆ ಅಂಗಡಿಯಲ್ಲಿ ಮಗಳಿಗೆಂದು ಕೆಂಪು ರಿಬ್ಬನ್ ಸುರುಳಿ ಬಿಚ್ಚಿಸುತ್ತಿದ್ದೆ. ಹೊಸ ರಿಬ್ಬನ್ನಿನ ಗಂಜಿ ವಾಸನೆ ಮೂಗಿಗೆ ಬಡಿದದ್ದೇ, ಜಹೀರಾಬಾದಿನ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಮೇಡಂ ನೆನಪಾದರು. ಜೊತೆಗೇ ಹಳೆಯ ಸಿಟ್ಟೂ...

ಅವರು ರಾಯಿಕೋಡ್ ಕಡೆಯ, ಬೌದ್ಧರಾದ ದಲಿತ ಮನೆತನದವರು. ಊರಿನ ವ್ಯಾಪಾರಸ್ಥರು ಕಮಿಟಿ ಮಾಡಿಕೊಂಡು ನಡೆಸುತ್ತಿದ್ದ ಸಣ್ಣ ಕಾಲೇಜು ನಮ್ಮದು. ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕೋಣೆ, ಅಷ್ಟೆ. ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಪಾಠ ಯಾರ ತಲೆಗೂ ಹತ್ತಲಿಲ್ಲ. "ಉದ್ದ ಕೂದಲದಾಕಿ ಯಾರರ ಬರ್ರಿ" ಎಂದರು ಮೇಡಂ. ನಾನೇ ಎದ್ದು ಹೋಗಿ ಅವರ ಮುಂದೆ ಕುಳಿತೆ.

ನನ್ನ ಜಡೆಯನ್ನು ಎರಡೇ ಎಳೆ ಮಾಡಿ ಹಗ್ಗದಂತೆ ಹೊಸೆದರು. ಆಮೇಲೆ ಹೊಸ ಎಳೆಯೆಂದು ಒಂದು ಹೊಸ ಕೆಂಪು ರಿಬ್ಬನ್ ಹಿಡಿದು, ಜಡೆಯನ್ನು ತುದಿಯಿಂದ ಬಿಚ್ಚುತ್ತ ಬಂದರು. ಬಿಚ್ಚಿದಂತೆಲ್ಲ ಒಂದು ಎಳೆಯ ಜೊತೆಗೆ ರಿಬ್ಬನ್ ಅಖಂಡವಾಗಿ ಸಾಗಿತು. ಇನ್ನೊಂದು ಎಳೆ ಎದುರು ದಿಕ್ಕಿನದು. ಹೊಸ ಎಳೆ ಒಂದೇ ದಿಕ್ಕಿಗೆ ಬೆಳೆಯಬಲ್ಲದು. ಹಾಗಾಗಿ ಅಲ್ಲಿ ಸ್ವಲ್ಪ ಬಿಚ್ಚಿ ರಿಬ್ಬನ್ನಿನ ಒಂದು ತುಂಡು, ಮತ್ತೆ ಬಿಚ್ಚಿ ಇನ್ನೊಂದು ತುಂಡು. ಕೊನೆಗೆ ತುಂಡುಗಳಿಗೆ ಗಂಟು ಹಾಕಿದರು.

"ಈಗ ಎರಡು ಜೋಡಿ ಆತು ನೋಡ್ರಿ. ಪ್ರತಿ ಜೋಡಿದಾಗ ಒಂದು ಹಳೇದು, ಒಂದು ಹೊಸದು. ಒಂದು ಎಳಿ ಹಿಂದ ಬಿದ್ದದಂತ ಜೀವಕೋಶ ಅದನ್ನ ಬಿಟ್ಟುಬಿಡಂಗಿಲ್ಲ" ಎಂದರು. ಅಂದು ಇಡೀ ತರಗತಿಗೆ ಪಾಠ ತಿಳಿಯಿತು.

ಮನೆಯಲ್ಲಿ ಆ ಸಂತೋಷವನ್ನೇ ಹೇಳಿದೆ. ಅಜ್ಜಿ ನನ್ನನ್ನು ಬಚ್ಚಲಿಗೆ ಎಳೆದೊಯ್ದು ತಲೆಗೆ ನೀರು ಸುರಿದಳು. ದೊಡ್ಡಪ್ಪ ಕಮಿಟಿಯ ಸದಸ್ಯ, ಶಿವಪೂಜೆಯಿಲ್ಲದೆ ನೀರೂ ಮುಟ್ಟದವನು.

"ಅಕಿ ಯಾರಂತ ಗೊತ್ತದ ಇಲ್ಲ ನಿಂಗ? ತಲಿಗಿ ಕೈ ಹಚ್ಚಿಸ್ಕೊಂಡು ಬಂದೀದಿ."

"ನಾನೇ ಹೋಗಿ ಕೂತೀನ್ರಿ, ದೊಡ್ಡಪ್ಪ."

"ಬಾಯಿ ಮುಚ್ಚು."

ಕಮಿಟಿಯಲ್ಲಿ ಜಾತಿಯ ಮಾತು ಯಾರೂ ಎತ್ತಲಿಲ್ಲವಂತೆ. ಅಷ್ಟು ಜಾಣರು. ಪಾಠ ಬಿಟ್ಟು ಹುಡುಗಿಯರ ಜಡೆ ಹಾಕುತ್ತ ಕೂರುತ್ತಾರೆ ಎಂದು ಹೇಳಿ ಮೇಡಂ ಅವರನ್ನು ತೆಗೆದರು. ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಜಡೆ ಕೊಟ್ಟವಳು ನಾನೇ, ಅದೇ ಪಾಠ ಎಂದೆ. ಅವರು ಕಿಟಕಿಯ ಕಡೆ ನೋಡುತ್ತ, "ನೀ ಮನಿಗಿ ಹೋಗವ್ವ" ಎಂದರು.

ಗೇಟಿನ ಹತ್ತಿರ ಮೇಡಂ ಸಿಕ್ಕರು. ಅಳುತ್ತಿದ್ದವಳು ನಾನು. "ನಿನ್ನ ತಪ್ಪೇನದ ಇದ್ರಾಗ? ಪರೀಕ್ಷಾದಾಗ ಚಿತ್ರ ಛಂದ ಬಿಡಿಸು" ಎಂದಷ್ಟೇ ಹೇಳಿ ಬಸ್ ಹತ್ತಿದರು. ಮತ್ತೆ ಯಾವ ಕಾಲೇಜೂ ಅವರನ್ನು ಕರೆಯಲಿಲ್ಲ. ಕರಣಕೋಟದಲ್ಲಿ, ಸಿಮೆಂಟ್ ಕಾರ್ಖಾನೆಯ ಕೂಲಿಯವರ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಒಂದೆರಡು ಸಲ ಹೋಗಿ ಬಂದೆ. ಕಾಲೇಜಿನ ಮಾತು ಬಂದರೆ ಮಕ್ಕಳ ನೋಟ್‌ಬುಕ್ ಎಳೆದುಕೊಂಡು ತಿದ್ದತೊಡಗುತ್ತಿದ್ದರು...

ಹೋದ ತಿಂಗಳು ಅವರು ತೀರಿಕೊಂಡರು. ನಾರಾಯಣಖೇಡದಲ್ಲಿ ಮಗನ ಮನೆಯಲ್ಲಿರುವ ದೊಡ್ಡಪ್ಪನಿಗೆ ಸುದ್ದಿ ಹೇಳಿದೆ. "ಪಾಪ, ಭಾಳ ಛಲೋ ಪಾಠ ಹೇಳ್ತಿದ್ದಳು" ಎಂದ.

"ಹಂಗಾದ್ರ ಯಾಕ ತೆಗೆದ್ರಿ?"

"ಹಳೀದೆಲ್ಲಾ ಈಗ್ಯಾಕವ್ವ? ಚಹಾ ಕುಡಿ."

ನಾನು ಕುಡಿಯದೆ ಎದ್ದು ಬಂದೆ. ಇಷ್ಟು ವರ್ಷಗಳ ಮೇಲೆ ದೊಡ್ಡಪ್ಪನನ್ನು ಆ ಪ್ರಶ್ನೆ ಕೇಳಿದೆನೆಂದು ಮೇಡಂಗೆ ಹೇಳಬೇಕಿತ್ತು. ಕರಣಕೋಟದ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.