ನಾವಿಬ್ಬರೂ ಎಣಿಸದೆ ಬಿಟ್ಟ ಹುಣಸೆಮರ

ಯಾವ ಮಾದೇಶ ಅಂತ ಕೇಳಿದೆ...

ಬೆಳಿಗ್ಗೆ ಮಂಡ್ಯದಿಂದ ನಮ್ಮ ಜೊತೆ ಓದಿದ ಸವಿತಾ ಫೋನ್ ಮಾಡಿ ಸುದ್ದಿ ಹೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ.
"ನಮ್ಮ ಮಾದೇಶನೇ ಕಣೋ. ಹಾರ್ಟ್ ಅಟ್ಯಾಕ್" ಅಂದಳು.
ನಿನ್ನೆ ಸಂಜೆ ನನ್ನ ಮೆಸೇಜಿಗೆ ಬ್ಲೂ ಟಿಕ್ ಬಂದಿತ್ತು...
ಓದಿದವನು ಉತ್ತರ ಕೊಡದೆ ಹೇಗೆ ಹೋಗುತ್ತಾನೆ?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮಾದೇಶ ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು.
ಇಪ್ಪತ್ತು ವರ್ಷದ ಹಿಂದೆ ನಾವು ಇಪ್ಪತ್ತೆರಡು ಜನ ಒಂದು ತಿಂಗಳು ಕಾಡಿನಲ್ಲಿದ್ದು, ಉಷ್ಣವಲಯದ ಜೀವಶಾಸ್ತ್ರದ ಫೀಲ್ಡ್ ಕೋರ್ಸ್ ಮಾಡಿದ್ದೆವು.
ಆಮೇಲೆ ಕೆಲವರು ವಿಜ್ಞಾನಿಗಳಾದರು.
ನಾನು ಮದ್ದೂರಿನಲ್ಲಿ ಸಸಿ ಮಾರುವವನಾದೆ.
ಉಳಿದದ್ದು ಒಂದು ವಾಟ್ಸ್ಆ್ಯಪ್ ಗ್ರೂಪು. ಹಬ್ಬಕ್ಕೊಂದು ದೀಪದ ಚಿತ್ರ, ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ...

ಅದಕ್ಕೆ ಜೀವ ತಂದವನು ಮಾದೇಶ.
ವರ್ಷಕ್ಕೊಮ್ಮೆ ಅವನೂ ನಾನೂ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಣ್ಣದ ಕೊಕ್ಕರೆಯ ಗೂಡು ಎಣಿಸುವುದು.
ಊರಿನ ಮೂಡಲ ಕಡೆ ಅವನದು, ಪಡುವಲ ಕಡೆ ನನ್ನದು.
ಮೊತ್ತ ಹಾಕುವ ಮೊದಲು ಗ್ರೂಪಿನಲ್ಲಿ ಎಲ್ಲರೂ ಒಂದೊಂದು ಅಂದಾಜು ಹೇಳಬೇಕು.
ಆ ಒಂದು ದಿನ ಇಪ್ಪತ್ತೆರಡೂ ಜನ ಬಾಯಿಬಿಡುತ್ತಿದ್ದರು. ಬೇರೆ ಯಾವ ದಿನವೂ ಇಲ್ಲ.

ಇದು ಆರನೇ ವರ್ಷ.
ಹೋದ ತಿಂಗಳು ಎಣಿಕೆ ಮುಗಿಸಿ ಟೀ ಕುಡಿಯುವಾಗ ಅವನು ಮೊದಲ ಸಲ ಇಬ್ಬರ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟ. ಅಲ್ಲಿಯವರೆಗೆ ಮೊತ್ತವನ್ನಷ್ಟೇ ಹೇಳಿಕೊಂಡು ಕೂಡುತ್ತಿದ್ದೆವು.

"ಲೇ, ಕೆಂಪಮ್ಮನ ಇತ್ಲಲ್ಲಿರೋ ಉಣ್ಸೆಮರ ನಿನ್ ಪಟ್ಟೀಲಿ ಎಲ್ಲದೆ?"
"ಅದು ನಿನ್ ಕಡೇದಲ್ವೇನ್ಲಾ?"
"ನಾನು ನಿಂದು ಅನ್ಕಂಡಿದ್ದೆ ಕಣ್ಲಾ."

ಊರ ನಡುವಿನ ಮರ.
ಪ್ರತಿ ವರ್ಷ ಅದರ ನೆರಳಲ್ಲೇ ನಿಂತು ಲೆಕ್ಕ ಕೂಡಿದ್ದೇವೆ...

ಅಷ್ಟರಲ್ಲಿ ಕತ್ತಲಾಗಿತ್ತು. ತಪ್ಪು ಮೊತ್ತ ಹಾಕಲು ಅವನು ಒಪ್ಪಲಿಲ್ಲ.
"ಗ್ರೂಪಲ್ಲಿ ಒಪ್ಕಂಬುಡನ" ಅಂದ.
"ಬುಡ್ಲಾ ಅತ್ಲಾಗೆ. ಅಲ್ಲಿ ಡಾಕ್ಟರೇಟ್ ತಕ್ಕಂಡೋರವ್ರೆ, ನಗ್ತಾರೆ."
"ನಗ್ಲಿ. ಆ ಮರ್ದಲ್ಲಿ ಎಷ್ಟವೆ ಅಂತ ತಿಳ್ಕಳಾಸೆ ನಿಂಗಿಲ್ವಾ?"
ಇಲ್ಲ ಅಂದೆ. ಸುಳ್ಳು.

ಮಾದೇಶ...
ಮರ ಎಣಿಸಿ ಆಮೇಲೆ ಹೇಳೋಣ ಅಂತ ನಿನ್ನ ಕೈ ತಡೆದವನು ನಾನೇ.
ಒಂದು ಭಾನುವಾರ ಸಸಿ ಲೋಡು ಬಂತು ಅಂದೆ. ಇನ್ನೊಂದು ಭಾನುವಾರ ಮದುವೆ ಅಂದೆ.
ಮದುವೆ ಇರಲಿಲ್ಲ ಕಣೋ.
ನೀನು ಮರೆತುಬಿಡಲಿ ಅಂತ ಕಾಯುತ್ತಿದ್ದೆ. ಆ ಕೋರ್ಸಿನಲ್ಲಿ ಎಲೆ ಮಡಚುವ ಇರುವೆಯನ್ನು ಮೂರು ಹೊತ್ತು ಊಟ ಬಿಟ್ಟು ನೋಡಿದವನು ನೀನು... ಎಲ್ಲಿ ಮರೆಯುತ್ತೀಯ?

ಮಧ್ಯಾಹ್ನ ನಿನ್ನ ಮಣ್ಣು ಮುಗಿಸಿಕೊಂಡು ಹೊರಟೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ.
ಬೈಕನ್ನು ಬೆಳ್ಳೂರಿಗೆ ತಿರುಗಿಸಿದೆ.

ಕೆಂಪಮ್ಮ ಹಿತ್ತಿಲು ಗುಡಿಸುತ್ತಿದ್ದರು.
"ಮೇಷ್ಟ್ರು ಬರ್ನಿಲ್ವಾ?"
ಹೇಳಿದೆ.
ಪೊರಕೆ ಹಿಡಿದುಕೊಂಡೇ ಕೂತುಬಿಟ್ಟರು...
ನಾನು ಕತ್ತೆತ್ತಿ ಬೆರಳು ಮಡಚುತ್ತಿದ್ದುದನ್ನು ನೋಡಿ ಅಂದರು:
"ಗೂಡಾ? ಅನ್ನೊಂದವೆ."
"ನಿಂಗೆಂಗ್ ಗೊತ್ತವ್ವ?"
"ದಿನಾ ಅವುಗುಳ್ ಇಕ್ಕೆ ಗುಡ್ಸೋಳು ನಾನು. ನಂಗಲ್ದೆ ಇನ್ಯಾರ್ಗ್ ಗೊತ್ತಿರ್ತದೆ?"
"ಒಂದ್ಸಲನೂ ಹೇಳ್ನಿಲ್ವಲ್ಲ?"
"ನೀವ್ ಕೇಳುದ್ರಾ? ಇಲ್ಲೇ ನಿಂತ್ಕಂಡು ಅದೇನೋ ಬರ್ಕಂಡ್ ಓಯ್ತಿದ್ರಿ."

ಎಣಿಸಿದೆ. ಹನ್ನೊಂದೇ.

ಹಿಂದಿನ ವರ್ಷಗಳನ್ನೂ ಕೇಳಿದೆ.
ಮೊಮ್ಮಗಳು ಹುಟ್ಟಿದ ವರ್ಷ ಒಂಬತ್ತು. ಗಾಳಿಗೆ ಕೊಂಬೆ ಮುರಿದ ವರ್ಷ ಆರು. ಹೀಗೇ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.
ಒಂದು ವರ್ಷದ್ದು ಮಾತ್ರ...
"ಆಗ ಕಾಲ್ ಮುರ್ಕಂಡು ಮಗಳ ಮನೇಲಿದ್ದೆ ಕಣಪ್ಪ. ಗೊತ್ತಿಲ್ಲ."

ಕೋರ್ಸಿನ ಗೆಳೆಯರೇ,
ನಮ್ಮ ಇಷ್ಟು ವರ್ಷದ ಲೆಕ್ಕ ತಪ್ಪು. ತಪ್ಪು ಇಬ್ಬರದು. ಮುಚ್ಚಿಡಲು ನೋಡಿದ್ದು ನಾನೊಬ್ಬನೇ.
ತಿದ್ದಿದ ಪಟ್ಟಿ ಗ್ರೂಪಿಗೆ ಹಾಕಿದ್ದೇನೆ. ನಗುವವರು ನಗಿ.

ಒಂದು ವರ್ಷದ ಜಾಗ ಖಾಲಿಯಿತ್ತು ಮಾದೇಶ.
ಏಳೋ ಎಂಟೋ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಯೂ ಹೋಗಿತ್ತು...
"ಗೊತ್ತಿಲ್ಲ" ಅಂತಲೇ ಬರೆದಿದ್ದೇನೆ.

ಹೋಗಿ ಬಾ ಗೆಳೆಯ...
ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ.