ನಿಂಗವ್ವನ ದೊಣಿ ಇದ್ದ ನಕ್ಷೆ

ಕೊರೊನಾ ಕಾಟ ಮುಗಿದು ಶಾಲೆಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ ವರ್ಷ ಶುರುವಾದ ಸಂಗತಿ ಇದು. ಮುಗಿದದ್ದು ಹೋದ ಬೇಸಿಗೆಯಲ್ಲಿ. ಮುಗಿದಿದೆ ಎಂದು ಹೇಳಲು ಈಗಲೂ ನನಗೆ ಮನಸ್ಸಿಲ್ಲ. ನಾನು ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ನಮ್ಮ ಮನೆಯವರು ಭೀಮರಾಯನಗುಡಿ ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತರು. ಅಕ್ಕಪಕ್ಕದವರು ಸಂಜೆ ಧಾರಾವಾಹಿ ನೋಡುವ ಹೊತ್ತಿಗೆ ನಾವಿಬ್ಬರೂ ನೆಲದ ಮೇಲೆ ಕೂತು ಯುದ್ಧ ಮಾಡುತ್ತೇವೆ.

ಗಾಬರಿಯಾಗಬೇಡಿ. ಇದು ಚಾದರದಷ್ಟು ಅಗಲದ ನಕ್ಷೆ ಹಾಸಿ, ಅದರ ಮೇಲೆ ರಟ್ಟಿನ ಪುಟ್ಟ ಬಿಲ್ಲೆಗಳನ್ನಿಟ್ಟು ಆಡುವ ಆಟ. ಒಂದೊಂದು ಬಿಲ್ಲೆಯೂ ಒಂದೊಂದು ಪಡೆ. ನೀರು, ಗುಡ್ಡ, ದಾರಿ ನೋಡಿಕೊಂಡು ಪಡೆ ನಡೆಸಬೇಕು, ದಾಳ ಹಾಕಿ ಕಾದಾಡಬೇಕು. ಹಿಂದೆ ನಿಜವಾಗಿ ನಡೆದ ಕಾಳಗಗಳೇ ಇರುತ್ತವೆ; ಅಂದು ಸೋತವರನ್ನು ನಾವು ಇಂದು ಗೆಲ್ಲಿಸಬಹುದೇ ಎಂದು ನೋಡುವುದೇ ಇದರ ಮಜಾ. ನಮ್ಮ ಮನೆಯವರು ಪುಣೆಯಲ್ಲಿ ತರಬೇತಿಗೆ ಹೋದಾಗ ಈ ಹುಚ್ಚು ಹತ್ತಿಸಿಕೊಂಡು ಬಂದರು. ನನಗೆ ಕಲಿಸಿದರು. ಈಗ ಹೆಚ್ಚಾಗಿ ನಾನೇ ಗೆಲ್ಲುತ್ತೇನೆ, ಅದನ್ನು ಅವರು ಯಾರ ಮುಂದೆಯೂ ಒಪ್ಪುವುದಿಲ್ಲ.

ನಮ್ಮ ನಾಡಿನ ಕಾಳಗಗಳ ಮೇಲೆ ಇಂಥ ಆಟ ಮಾಡುವವರು ನಮಗೆ ಗೊತ್ತಿದ್ದದ್ದು ಸೊಲ್ಲಾಪುರದವರೊಬ್ಬರೇ. ಕಂಪನಿ ಎಂದರೆ ಅವರೊಬ್ಬರೇ. ನಕ್ಷೆ ಬರೆಯುವವರೂ ಅವರೇ, ಡಬ್ಬಿಗೆ ಟೇಪು ಸುತ್ತುವವರೂ ಅವರೇ. ಆಟ ಬಂಗಾರದಂಥದ್ದು, ಆದರೆ ಕೈಗೆ ಸಿಗಬೇಕಲ್ಲ! ಕೆಲವೇ ಪ್ರತಿ ಮಾಡಿಸುತ್ತಿದ್ದರು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಸ್ಟಾಕ್ ಖಾಲಿ. ಸ್ಟಾಕ್ ಇದ್ದಾಗ ನಮ್ಮ ಪಿನ್‌ಕೋಡಿಗೆ ಕೊರಿಯರ್ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಹಾಗೆ. ಒಂದು ಆಟದ ಮೊದಲ ಭಾಗ ಕೊಂಡು ಎರಡನೆಯದಕ್ಕೆ ವರ್ಷಗಟ್ಟಲೆ ಕಾದೆವು. ಬಂದ ಡಬ್ಬಿಯಲ್ಲಿ ಕುದುರೆ ಪಡೆಯ ಬಿಲ್ಲೆಗಳೇ ಇರಲಿಲ್ಲ. ಫೋನ್ ಮಾಡಿದರೆ ಒಂದೇ ಉತ್ತರ, "ಮುಂದಿನ ತಿಂಗಳು ಕಳಸ್ತೀನ್ರಿ." ನಾವು ಅವರಿಗೆ ಮುಂದಿನ ತಿಂಗಳು ಸಾಹೇಬರು ಎಂದೇ ಹೆಸರಿಟ್ಟಿದ್ದೆವು.

ಹೀಗಿರುವಾಗ ಒಂದು ದಿನ ಸಾಹೇಬರೇ ಫೋನ್ ಮಾಡಿದರು. ಸುರಪುರದವರು ಕಂಪನಿ ಸರ್ಕಾರದ ಫೌಜಿನೊಂದಿಗೆ ಕಾದಾಡಿದ್ದರ ಮೇಲೆ ಹೊಸ ಆಟ ಮಾಡುತ್ತಿದ್ದಾರಂತೆ. ಅಲ್ಲಿಯ ಗುಡ್ಡಗಳನ್ನು ಕಾಲಿನಿಂದ ನಡೆದು ನೋಡಬೇಕಂತೆ, ಯಾರಾದರೂ ತೋರಿಸುವವರು ಇದ್ದಾರೆಯೇ ಎಂದು ಕೇಳಿದರು. ನನ್ನ ತವರು ಸುರಪುರದ ಹತ್ತಿರದ ಹಳ್ಳಿ. ಅಪ್ಪ ಹುಟ್ಟಿದಾಗಿನಿಂದ ಆ ಗುಡ್ಡಗಳಲ್ಲಿ ಕುರಿ ಮೇಯಿಸಿದವನು. ಬರ್ರಿ ಎಂದೆ. ಫೋನ್ ಇಟ್ಟ ಮೇಲೆ ನಮ್ಮ ಮನೆಯವರು ತೋಳು ಏರಿಸಿದರು.

"ಸಿಕ್ಕಾನ ಈಗ. ಮೊದ್ಲು ಬೈಯೂದು, ಆಮ್ಯಾಲೆ ಚಾ. ಕುದುರಿ ಬಿಲ್ಲಿ ಲೆಕ್ಕ ಮುಗಿಯೂಮಟ ಬಿಡಬ್ಯಾಡ."

ಯಾದಗಿರಿ ಸ್ಟೇಷನ್ನಿಗೆ ಇಬ್ಬರೂ ಹೋಗಿ ಅವರನ್ನು ಎದುರುಗೊಂಡೆವು. ಇಳಿದವರು ಸಣಕಲು ಮನುಷ್ಯ, ಹೆಗಲಿಗೆ ದೊಡ್ಡ ಚೀಲ, ಕೈಯಲ್ಲಿ ಒಂದು ಛತ್ರಿ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಜೋತಾಡುತ್ತ ಬೈಯುವುದು ಸರಿ ಕಾಣಲಿಲ್ಲ. ಮನೆ ಮುಟ್ಟಿದ ಮೇಲೆ ನೋಡಿಕೊಳ್ಳೋಣ ಎಂದು ನಮ್ಮವರು ಕಣ್ಣಿನಲ್ಲೇ ಹೇಳಿದರು. ಆದರೆ ತವರುಮನೆ ಮುಟ್ಟಿದರೆ ಅವ್ವ ಕಾಲಿಗೆ ನೀರು ಕೊಟ್ಟು, ನೇರವಾಗಿ ತಾಟಿನ ಮುಂದೆ ಕೂಡಿಸಿಬಿಟ್ಟಳು. ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಂದವರು ಉಣ್ಣುವ ತನಕ ಅವರ ಕೆಲಸವೇನೆಂದು ಕೂಡ ಕೇಳಬಾರದೆಂಬುದು ನಮ್ಮ ಮನೆಯ ಪದ್ಧತಿ. ಉಂಡ ಮೇಲಂತೂ ಬೈಯುವ ಮಾತೇ ಇಲ್ಲ. ಸಾಹೇಬರು ಹಿಂಡಿಯ ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಮ್ಮವರು ಮುಖ ಗಂಟಿಕ್ಕಿಕೊಂಡು ತಾವೇ ಅವರಿಗೆ ಮೊಸರು ಬಡಿಸಿದರು.

ಮರುದಿನ ಬೆಳಿಗ್ಗೆ ಅಪ್ಪ ನಮ್ಮನ್ನೆಲ್ಲ ಗುಡ್ಡಕ್ಕೆ ಕರೆದೊಯ್ದ. ಕುರಿ ಇಳಿಸುವ ದಾರಿ, ಜಾರುವ ಬಂಡೆ, ಗಾಳಿ ಬಡಿಯುವ ಮೂಲೆ, ಎಲ್ಲ ತೋರಿಸಿದ. ಸಾಹೇಬರು ಫೋಟೋ ತೆಗೆಯುತ್ತ, ಬರೆದುಕೊಳ್ಳುತ್ತ ಮಕ್ಕಳಂತೆ ಓಡಾಡಿದರು. ಒಂದು ಇಳಿಜಾರಿನಲ್ಲಿ ದೊಣಿ ಇತ್ತು. ಬಂಡೆಯ ಹೊಟ್ಟೆಯಲ್ಲಿ ಮಳೆನೀರು ನಿಲ್ಲುವ ಹೊಂಡಕ್ಕೆ ನಮ್ಮಲ್ಲಿ ದೊಣಿ ಎನ್ನುತ್ತಾರೆ. ಅಪ್ಪ ಅದರ ಅಂಚಿಗೆ ಕೂತು ಬೊಗಸೆಯಲ್ಲಿ ನೀರು ಕುಡಿದ.

"ಇದು ನಮ್ಮವ್ವನ ದೊಣಿ ರೀ ಸಾಹೇಬ್ರ. ಆಕಿ ಹೆಸರು ನಿಂಗವ್ವ. ಬ್ಯಾಸಗಿ ಬಂತಂದ್ರ ಇದರಾಗಿನ ಕೆಸರು ಆಕೀನ ತೆಗೀತಿದ್ಲು. ಈಗೂ ಕುರಿ ಕಾಯೋರು ನಿಂಗವ್ವನ ದೊಣಿ ಅಂತಾರ."

"ಕಾಕಾ, ನೀರು ಇದ್ದಲ್ಲೇ ಫೌಜ್ ಇಳೀತೈತಿ. ಇದು ನಕಾಶಾದಾಗ ಬೇಕಾ ಬೇಕು," ಎಂದರು ಸಾಹೇಬರು. "ಹೆಸರೂ ಹಾಕ್ತೀನಿ, ಕನ್ನಡದಾಗ."

"ಆ ಲಡಾಯಿ ಕಾಲಕ್ಕ ನಮ್ಮವ್ವ ಎಲ್ಲಿದ್ಲುರೀ?" ಅಪ್ಪ ನಕ್ಕ.

"ಇರ್ಲಿ ಬಿಡ್ರಿ. ಹೆಸರಿಲ್ಲದ ನೀರು ಹ್ಯಾಂಗ ಬರೀಲಿ?"

ಇಳಿಯುವಾಗ ಅಪ್ಪ ಸಾಹೇಬರ ಚೀಲವನ್ನು ಕಸಿದುಕೊಂಡು ತಾನೇ ಹೊತ್ತ.

ಸಂಜೆ ಬಸ್ಸಿಗೆ ಬಿಡಲು ಹೋದಾಗ ನಮ್ಮವರು ನನ್ನ ಮೊಣಕೈ ತಿವಿದರು. ಆಟ ಬಂದಾಗ ಒಂದು ಪ್ರತಿ ನಮಗಾಗಿ ತೆಗೆದಿಡಿ ಎಂದು ಹೇಳು ಎಂದು. ನಾನು ಸುಮ್ಮನಿದ್ದದ್ದು ನೋಡಿ ತಾವೇ, "ಸಾಹೇಬ್ರ, ಒಂದು ಮಾತಿತ್ತು," ಎಂದು ಬಾಯಿ ತೆರೆದರು. ಅಪ್ಪ ತಕ್ಷಣ ಅವರ ಕೈ ಹಿಡಿದು ಬದಿಗೆ ಕರೆದ.

"ಅಳಿಯಂದ್ರ, ಮನೀಗಿ ಬಂದು ಉಂಡು ಹೋಗೋ ಮನಷ್ಯಾನ ಹತ್ರ ಏನಾರ ಕೇಳ್ತಾರೇನ್ರಿ? ಉಣಿಸಿದ್ದಕ್ಕ ಬಾಡಿಗಿ ಕೇಳಿದಂಗಾಗ್ತೈತಿ. ಅವ್ರಿಗಿ ತಿಳೀತೈತಿ, ತಾವೇ ಕೊಡ್ತಾರ."

ಬಸ್ಸು ಬಂತು. ಸಾಹೇಬರು ಕಿಟಕಿಯಿಂದ ಕೈ ಬೀಸುತ್ತ, "ಮುಂದಿನ ವರ್ಷ ಪಕ್ಕಾ!" ಎಂದು ಕೂಗಿದರು. ತಿಂಗಳು ಹೋಗಿ ವರ್ಷಕ್ಕೆ ಬಂತಲ್ಲ ಎಂದು ನಾವು ಮನೆಗೆ ಬರುತ್ತ ನಕ್ಕೆವು.

ಮುಂದಿನ ವರ್ಷ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಈ ನಡುವೆ ಆ ಇಳಿಜಾರಿನಲ್ಲಿ ಕಲ್ಲುಗಣಿ ಶುರುವಾಯಿತು. ಮದ್ದು ಇಟ್ಟು ಬಂಡೆ ಒಡೆಯುವ ಸದ್ದಿಗೆ ಅವ್ವನ ಅಡುಗೆಮನೆಯ ಡಬ್ಬಿಗಳು ಕುಣಿಯುತ್ತಿದ್ದವು. ನಿಂಗವ್ವನ ದೊಣಿ ಜಲ್ಲಿಯಾಗಿ ಯಾವ ರಸ್ತೆಗೆ ಹೋಯಿತೋ ಗೊತ್ತಿಲ್ಲ. ಅಪ್ಪ ಆ ಕಡೆ ಕುರಿ ಹೊಡೆಯುವುದನ್ನೇ ಬಿಟ್ಟ. ದೊಣಿಯ ಮಾತನ್ನೂ ಎತ್ತುತ್ತಿರಲಿಲ್ಲ. ನಾನು ತವರಿಗೆ ಹೋದಾಗ ಮಾತ್ರ, ಅವ್ವ ಅತ್ತ ಹೋದ ಸಮಯ ನೋಡಿ ಮೆಲ್ಲಗೆ ಕೇಳುತ್ತಿದ್ದ.

"ನಕಾಶಾ ಬಂತೇನವ್ವಾ?"

ಅಲ್ಲಿಯ ತನಕ ಅದು ನಮ್ಮಿಬ್ಬರ ಆಟದ ಚಟವಾಗಿತ್ತು. ಅಂದಿನಿಂದ ಹಾಗಿರಲಿಲ್ಲ. ನಮ್ಮ ಅಜ್ಜಿಯ ಹೆಸರಿನ ನೀರು ಉಳಿಯುವುದಿದ್ದರೆ ಆ ಕಾಗದದ ಮೇಲೆ ಮಾತ್ರ ಎಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಕೊನೆಗೆ ಆಟ ಮಾರಾಟಕ್ಕೆ ಬಂದದ್ದು ನಾನು ಪರೀಕ್ಷೆಯ ಪೇಪರ್ ತಿದ್ದಲು ಕಲಬುರಗಿಗೆ ಹೋಗಿದ್ದ ದಿನಗಳಲ್ಲಿ. ನಮ್ಮವರಿಗೂ ಆಗ ಕಚೇರಿಯಲ್ಲಿ ವರ್ಷಾಂತ್ಯದ ಗಡಿಬಿಡಿ. ಇಬ್ಬರೂ ಬಿಡುವು ಮಾಡಿಕೊಂಡು ಅವರ ವೆಬ್‌ಸೈಟ್ ತೆರೆದಾಗ, ಸುರಪುರದ ಗುಡ್ಡದ ಚಿತ್ರದ ಕೆಳಗೆ ಅದೇ ಹಳೆಯ ಸಾಲು: ಸ್ಟಾಕ್ ಮುಗಿದಿದೆ. ಹೆಚ್ಚಿನವು ಹೊರದೇಶದ ಆಟಗಾರರ ಪಾಲಾಗಿದ್ದವು. ನಾನು ಅಳು ತಡೆದುಕೊಂಡು ಫೋನ್ ಮಾಡಿದೆ.

"ಅಯ್ಯ ಬಾಯಾರ, ಒಂದು ಮಾತು ಹೇಳಿದ್ರ ತಗದಿಡ್ತಿದ್ನಲ್ರಿ," ಎಂದರು ಸಾಹೇಬರು. "ನೀವು ಕೇಳ್ಲೇ ಇಲ್ಲ. ಎಲ್ಲಾರಕಿಂತ ಮೊದ್ಲ ನೀವ ತರಿಸ್ಕೊಂಡಿರ್ತೀರಿ ಅಂತ ತಿಳ್ಕೊಂಡೆ."

"ನಿಮ್ಮ ಕಡೆ ಇಟ್ಕೊಂಡದ್ದು ಒಂದು ಇರ್ತೈತಲ್ರಿ?"

"ಅದೂ ಹೋತ್ರಿ. ಹೋದ ವಾರ ಒಬ್ರು ಮನೀಗಿ ಬಂದಿದ್ರು. ಕೇಳಿದ್ರು, ಕೊಟ್ಟುಬಿಟ್ಟೆ."

ನಕ್ಷೆಯ ಫೋಟೋ ಆದರೂ ಕಳಿಸಿ ಎಂದೆ. ಕಂಪ್ಯೂಟರ್ ಕೆಟ್ಟು ಎಲ್ಲ ಅಳಿಸಿಹೋಗಿದೆಯಂತೆ, ರಿಪೇರಿಗೆ ಕೊಟ್ಟಿದ್ದಾರಂತೆ. ಸರಿಯಾದರೆ ಮತ್ತೆ ಅಚ್ಚು ಹಾಕಿಸುತ್ತಾರಂತೆ. ಯಾವಾಗ ಎಂದು ನಾನು ಕೇಳಲಿಲ್ಲ, ಉತ್ತರ ಗೊತ್ತಿತ್ತು. ಅಷ್ಟು ವರ್ಷ ಕೂಡಿಟ್ಟ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅವರ ದನಿಯಲ್ಲಿ ನನಗಿಂತ ಹೆಚ್ಚು ಸಂಕಟವಿತ್ತು.

ಸುದ್ದಿ ಕೇಳಿ ಅವ್ವ ಅಪ್ಪನ ಮೇಲೆ ಹರಿಹಾಯ್ದಳು. "ಕೂಸು ಅತ್ರನ ತಾಯಿ ಹಾಲು ಕೊಡ್ತಾಳ. ಅವತ್ತ ಅಳಿಯಂದ್ರು ಕೇಳಾಕತ್ತಿದ್ರು, ನೀ ಬಾಯಿ ಮುಚ್ಚಿಸ್ದಿ." ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಎದ್ದು ಕುರಿ ದೊಡ್ಡಿಯ ಕಡೆ ಹೋದ.

ಕೆಲವು ದಿನಗಳ ಮೇಲೆ ನಮ್ಮವರು ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹುಡುಕಿ ತೆಗೆದರು. ಎಲ್ಲಿಯದೋ ಚಳಿ ದೇಶದ ಗಡ್ಡದ ಮನುಷ್ಯನೊಬ್ಬ ನಮ್ಮ ಸುರಪುರದ ಡಬ್ಬಿ ಬಿಚ್ಚಿ ತೋರಿಸುವ ವಿಡಿಯೋ. ನಾವೂ ನೋಡದೆ ಹಾಗೇ ಹಿಡಿದುಕೊಂಡು ತವರಿಗೆ ಹೋದೆವು. ಅಂಗಳದ ಬೇವಿನ ಮರದ ಕೆಳಗೆ ಅಪ್ಪನನ್ನು ನಡುವೆ ಕೂಡಿಸಿ ಮೊಬೈಲ್ ಹಿಡಿದೆವು. ಆ ಮನುಷ್ಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ. ಅದು ಸುರುಳಿ ಸುತ್ತಿಕೊಳ್ಳತೊಡಗಿತು. ಒಂದು ಮೂಲೆಗೆ ದಾಳದ ಡಬ್ಬಿ ಇಟ್ಟ, ಇನ್ನೊಂದಕ್ಕೆ ನಿಯಮದ ಪುಸ್ತಕ, ಮತ್ತೊಂದು ಅಂಚಿಗೆ ತಾನು ಕುಡಿಯುತ್ತಿದ್ದ ಕಾಫಿಯ ಕಪ್ಪು.

ಅಪ್ಪ ಗುಡ್ಡಗಳನ್ನು ನೋಡಿದ ಕೂಡಲೇ ಗುರುತು ಹಿಡಿದ. ಗಾಜಿನ ಮೇಲೆ ಬೆರಳಿಟ್ಟು, "ಇದು ಕುರಿ ಇಳಿಸೋ ದಾರಿ. ಇದು ಜಾರಬಂಡಿ. ಹಿಂಗ ಬಂದ್ರ, ಹಿಂಗ ತಿರಗಿದ್ರ..." ಎನ್ನುತ್ತ ಬಂದ. ಬೆರಳು ಕಪ್ಪಿನ ಹತ್ತಿರ ಬಂದು ನಿಂತಿತು. ಕಪ್ಪಿನ ಅಡಿಯಿಂದ ಒಂದೇ ಒಂದು ಕನ್ನಡ ಅಕ್ಷರ ಹೊರಗೆ ಕಾಣುತ್ತಿತ್ತು.

"ನಿಂ," ಎಂದು ಓದಿದ ಅಪ್ಪ. ನನ್ನ ಮುಖ ನೋಡಿದ. "ಆ ಕಪ್ಪ ಸರಸು ಅನ್ನವ್ವಾ ಅವಗ."

"ಅಪ್ಪಾ, ಅದು ಮೊದ್ಲೇ ತಗದಿಟ್ಟ ವಿಡಿಯೋ. ನಾವು ಅಂದದ್ದು ಅವಗ ಕೇಳ್ಸೂದಿಲ್ಲ."

"ಒಂದ್ಸಲ ಕೇಳಿ ನೋಡವ್ವಾ. ಕೇಳಿದ್ರ ಏನಾಗ್ತೈತಿ?"

ಜೀವಮಾನದಲ್ಲಿ ಯಾರ ಮುಂದೆಯೂ ಕೈಚಾಚದ ನನ್ನಪ್ಪ ಹೀಗೆ ಅಂದ. ನಮ್ಮವರು ಮುಖ ಆಚೆ ತಿರುಗಿಸಿದರು. ವಿಡಿಯೋ ಮುಂದೆ ಓಡಿತು. ಆತ ಕಪ್ಪು ಎತ್ತಿ ಕುಡಿಯುವಷ್ಟರಲ್ಲಿ ಕ್ಯಾಮೆರಾ ಬಿಲ್ಲೆಗಳ ಕಡೆ ಸರಿದಿತ್ತು. ಅಪ್ಪನ ಸಲುವಾಗಿ ಮತ್ತೆ ಮತ್ತೆ ಹಾಕಿ ನೋಡಿದೆವು, ಪ್ರತಿ ಸಲವೂ ಆ ಕಪ್ಪು ಅಲ್ಲೇ ಕೂತಿತ್ತು.

ನಕ್ಷೆಯ ಆ ಅಂಚಿನ ಒಂದು ಫೋಟೋ ಕಳಿಸಿ, ಅಲ್ಲಿ ನಮ್ಮ ಅಜ್ಜಿಯ ಹೆಸರಿದೆ ಎಂದು ವಿಡಿಯೋದ ಕೆಳಗೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಉತ್ತರ ಬಂದಿಲ್ಲ. ಸೊಲ್ಲಾಪುರಕ್ಕೂ ಫೋನ್ ಮಾಡುತ್ತಲೇ ಇರುತ್ತೇನೆ. ಈಗ ಕೇಳಲು ನನಗೆ ನಾಚಿಕೆಯಿಲ್ಲ. ಅಂದು ಆ ಬಸ್ಸಿನ ಕಿಟಕಿಯ ಕೆಳಗೆ ನಿಂತು ಒಂದೇ ಒಂದು ಮಾತು ಕೇಳಿದ್ದರೆ ಎಂದು, ನಮ್ಮವರೊಡನೆ ಆಟಕ್ಕೆ ಕೂತು ನಕ್ಷೆ ಬಿಡಿಸಿದಾಗಲೆಲ್ಲ ಅನಿಸುತ್ತದೆ, ಆಟದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಭಾನುವಾರ ಅಪ್ಪನ ಫೋನ್ ಬರುತ್ತದೆ. ಮಳೆ, ಕುರಿ, ಅವ್ವನ ಮೊಣಕಾಲು ನೋವು ಎಲ್ಲ ಹೇಳಿ ಮುಗಿಸುತ್ತಾನೆ. ಇಡುವ ಮುಂಚೆ ಕೇಳುತ್ತಾನೆ.

"ಅಂವ ಕಪ್ಪ ಎತ್ತಿದನೇನವ್ವಾ?"